ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ: ಫ್ಯಾನ್, ಪಂಪ್ ಮೋಟಾರಿನ ದೋಷ ಹುಡುಕುವ ಬಗೆ

ಸ್ವಿಚ್ ಹಾಕಿದರೆ ಮೋಟಾರು ಗುಂಯ್ ಎನ್ನುತ್ತದೆ, ಆದರೆ ಜಾಗ ಬಿಟ್ಟು ಕದಲುವುದಿಲ್ಲ. ಮನೆಯ ಸೀಲಿಂಗ್ ಫ್ಯಾನು, ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಅರ್ಧ ಎಚ್‌ಪಿ ಪಂಪು, ತೋಟದ ತ್ರೀಫೇಸ್ ಮೋಟಾರು ಎಲ್ಲಕ್ಕೂ ಬರುವ ಕಾಯಿಲೆ ಇದು. ಯಾರನ್ನೇ ಕೇಳಿ, ಮೋಟಾರನ್ನು ನೋಡುವ ಮೊದಲೇ ಉತ್ತರ ಬರುತ್ತದೆ: “ಕಂಡೆನ್ಸರ್ ಹೋಗಿರುತ್ತೆ ಸಾರ್, ಹೊಸದು ಹಾಕಿಬಿಡಿ.” ಕಂಡೆನ್ಸರ್ ಎಂದರೆ ಕೆಪಾಸಿಟರ್, ಮೋಟಾರು ಹೊರಡಲು ನೆರವಾಗುವ ಸಣ್ಣ ಡಬ್ಬಿ. ಎಷ್ಟೋ ಸಲ ಅದು ನಿಜವೂ ಆಗಿರುತ್ತದೆ. ಆಗಿಲ್ಲದಾಗ ಮಾತ್ರ ಕಷ್ಟ. ಹೊಸ ಕೆಪಾಸಿಟರ್ ಹಾಕಿಯೂ ಗುಂಯ್‌ಗುಡುವ ಪಂಪನ್ನು “ಈಗ ಹತ್ತುತ್ತೇನೋ ನೋಡೋಣ” ಎಂದು ಆನ್ ಆಫ್ ಮಾಡುತ್ತಾ ಕುಳಿತರೆ, ಸಣ್ಣ ಖರ್ಚಿನಲ್ಲಿ ಮುಗಿಯಬೇಕಾದ್ದು ಸುಟ್ಟ ಸುರುಳಿಯನ್ನು ಮತ್ತೆ ಸುತ್ತುವ ರಿವೈಂಡಿಂಗ್ ಅಂಗಡಿಯವರೆಗೆ ಹೋಗುತ್ತದೆ.

ಹಾಗಾಗಿ ಮೊದಲ ಕೆಲಸ, ಆಫ್ ಮಾಡಿ. ತಿರುಗದೆ ನಿಂತ ಮೋಟಾರು ತಿರುಗುವ ಮೋಟಾರಿಗಿಂತ ಬಹಳ ಹೆಚ್ಚು ಕರೆಂಟು ಎಳೆಯುತ್ತದೆ. 1 ಎಚ್‌ಪಿಯ ಸಿಂಗಲ್ ಫೇಸ್ ಪಂಪು ಓಡುವಾಗ ಸುಮಾರು 5–6 ಆಂಪಿಯರ್ ತೆಗೆದುಕೊಂಡರೆ, ನಿಂತಲ್ಲೇ ಗುಂಯ್‌ಗುಡುವಾಗ ಅದರ ನಾಲ್ಕೈದು ಪಟ್ಟು. ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಕರೆಂಟು ಐದು ಪಟ್ಟಾದರೆ ಬಿಸಿ ಇಪ್ಪತ್ತೈದು ಪಟ್ಟು. ಬೆನ್ನಿಗಿರುವ ಫ್ಯಾನೂ ತಿರುಗುತ್ತಿಲ್ಲವಾದ್ದರಿಂದ ತಣಿಸುವ ಗಾಳಿಯಿಲ್ಲ. ತಂತಿಯ ಮೇಲಿನ ವಾರ್ನಿಷ್ ಸುಟ್ಟ ವಾಸನೆ ಬರಲು ಕೆಲವು ನಿಮಿಷ ಸಾಕು. ಸೀಲಿಂಗ್ ಫ್ಯಾನು ಇಷ್ಟು ಸೂಕ್ಷ್ಮವಲ್ಲ. ಅದರದು ಸಣ್ಣ ತಂತಿಯ ಬಹಳ ಸುತ್ತುಗಳ ಸುರುಳಿ, ನಿಂತರೂ ಕರೆಂಟು ಹಾಗೆ ಜಿಗಿಯುವುದಿಲ್ಲ. ಆದರೆ ರಾತ್ರಿಯಿಡೀ ಹಾಗೇ ಬಿಟ್ಟರೆ ಅದೂ ಸುಡುತ್ತದೆ.

ಆ ಸದ್ದು ಏನು ಹೇಳುತ್ತಿದೆ

ನಮ್ಮ ಲೈನಿನ ಕರೆಂಟು ಸೆಕೆಂಡಿಗೆ 50 ಆವರ್ತ ದಿಕ್ಕು ಬದಲಿಸುತ್ತಾ ಹರಿಯುತ್ತದೆ. ಒಂದು ಆವರ್ತದಲ್ಲಿ ಕರೆಂಟು ಎರಡು ಸಲ ಶಿಖರ ಮುಟ್ಟುತ್ತದೆ, ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ. ಕಬ್ಬಿಣಕ್ಕೆ ಅಯಸ್ಕಾಂತದ ಧ್ರುವ ಯಾವುದಾದರೇನು, ಎರಡು ಸಲವೂ ಸೆಳೆತವೇ. ಹೀಗೆ ಸೆಕೆಂಡಿಗೆ 100 ಸಲ ಸೆಳೆತಕ್ಕೆ ಸಿಕ್ಕಿ ಬಿಡುವ, ಮೋಟಾರಿನೊಳಗಿನ ಕಬ್ಬಿಣದ ತಗಡುಗಳ ಅದುರುವಿಕೆಯೇ ಆ ಗುಂಯ್. ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತರೆ ಕೇಳುವುದೂ ಇಂಥದೇ ಗುಂಯ್.

ಅಂದಮೇಲೆ ಗುಂಯ್ ಎನ್ನುವ ಮೋಟಾರು ಒಂದು ಒಳ್ಳೆಯ ಸುದ್ದಿಯನ್ನು ಆಗಲೇ ಕೊಟ್ಟಿದೆ. ಫೇಸ್ ಬರುತ್ತಿದೆ, ನ್ಯೂಟ್ರಲ್ ಇದೆ, ಸ್ವಿಚ್ ಸರಿಯಿದೆ, ಕನಿಷ್ಠ ಒಂದು ಸುರುಳಿಯಾದರೂ ತುಂಡಾಗಿಲ್ಲ. ಸದ್ದೇ ಇಲ್ಲದ ಮೋಟಾರಿನ ತನಿಖೆ ಬೇರೆ ದಾರಿ, ಅದು ಸ್ವಿಚ್‌ಬೋರ್ಡಿನಿಂದ ಶುರುವಾಗಬೇಕು.

ಹಾಗಿದ್ದೂ ಯಾಕೆ ತಿರುಗದು? ಬೀಸುಕಲ್ಲಿನ ಗೂಟವನ್ನು ಹಿಡಿದು ಒಂದೇ ನೇರದಲ್ಲಿ ಮುಂದಕ್ಕೆ ಹಿಂದಕ್ಕೆ ಎಳೆದು ನೋಡಿ. ಎಷ್ಟು ಬಲ ಹಾಕಿದರೂ ಕಲ್ಲು ಸುತ್ತುವುದಿಲ್ಲ. ಎದುರಿಗೆ ಕೂತವರು ಸರಿಯಾದ ಹೊತ್ತಿಗೆ ಅಡ್ಡಕ್ಕೆ ಎಳೆದರೆ ಸುತ್ತುತ್ತದೆ. ಒಂದೇ ಸುರುಳಿಯ ಕಾಂತಕ್ಷೇತ್ರ ಹಿಂದೆ ಮುಂದೆ ಎಳೆಯುತ್ತದಷ್ಟೇ. ಅದಕ್ಕೆ ಅಡ್ಡವಾಗಿ ಇನ್ನೊಂದು ಸುರುಳಿಯಿಟ್ಟು, ಅದರ ಕರೆಂಟು ಮೊದಲನೆಯದಕ್ಕಿಂತ ಸ್ವಲ್ಪ ಮುಂಚೆ ಶಿಖರಕ್ಕೆ ಬರುವಂತೆ ಮಾಡಿದರೆ ಕ್ಷೇತ್ರವೇ ಸುತ್ತತೊಡಗುತ್ತದೆ, ತಿರುಗುವ ಭಾಗವಾದ ರೋಟರನ್ನೂ ಎಳೆದುಕೊಂಡು ಹೋಗುತ್ತದೆ. ಇಟಲಿಯ ಗೆಲಿಲಿಯೋ ಫೆರಾರಿಸ್ 1885ರಲ್ಲಿ ಇದನ್ನು ಮಾಡಿ ತೋರಿಸಿದರು. ಅಮೆರಿಕದಲ್ಲಿ ನಿಕೋಲಾ ಟೆಸ್ಲಾರಿಗೆ ಇದೇ ತತ್ವದ ಮೋಟಾರಿಗೆ 1888ರಲ್ಲಿ ಪೇಟೆಂಟ್ ಸಿಕ್ಕಿತು. ಮನೆಯ ಫ್ಯಾನಿನಲ್ಲಿ ಆ ಹೊತ್ತಿನ ಅಂತರ ತಂದುಕೊಡುವ ಡಬ್ಬಿಯೇ ಕೆಪಾಸಿಟರ್.

ಇಲ್ಲೊಂದು ಸ್ವಾರಸ್ಯವಿದೆ. ಒಮ್ಮೆ ಓಡಲು ಶುರುವಾದ ರೋಟರಿಗೆ ಎರಡನೆಯ ಸುರುಳಿಯ ನೆರವು ಇಲ್ಲದಿದ್ದರೂ ನಡೆಯುತ್ತದೆ. ಯಾವ ಕಡೆಗೆ ತಳ್ಳುತ್ತೀರೋ ಆ ಕಡೆಗೇ ಓಡಿಕೊಂಡಿರುತ್ತದೆ. ಮುಂದಿನ ಪರೀಕ್ಷೆ ನಿಂತಿರುವುದು ಇದರ ಮೇಲೆ.

ಕೈಯಿಂದ ತಿರುಗಿಸಿ ನೋಡಿ

ಮೇನ್ ಬೋರ್ಡಿನ ಎಂಸಿಬಿ (ಟ್ರಿಪ್ ಆಗುವ ಸ್ವಿಚ್) ಇಳಿಸಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು, ಹಳೆ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್ಲಿಗೆ ಕೊಟ್ಟಿರುವುದು ಅಪರೂಪವೇನಲ್ಲ. ಫ್ಯಾನಾದರೆ ರೆಕ್ಕೆಯನ್ನು ಬೆರಳಲ್ಲಿ ತಳ್ಳಿ. ಸದ್ದಿಲ್ಲದೆ ಹಲವು ಸುತ್ತು ಹೋಗಿ ನಿಧಾನವಾಗಿ ನಿಲ್ಲಬೇಕು. ಪಂಪಾದರೆ ಹಿಂದಿನ ತಗಡಿನ ಮುಚ್ಚಳ ಬಿಚ್ಚಿದರೆ ಸಣ್ಣ ಫ್ಯಾನ್ ಸಿಗುತ್ತದೆ, ಅದನ್ನು ತಿರುಗಿಸಿ.

ಬಿಗಿಯಾಗಿದ್ದರೆ ಕೆಪಾಸಿಟರಿನ ಮಾತೇ ಬೇಡ. ತಿಂಗಳುಗಟ್ಟಲೆ ಓಡಿಸದ ಸಂಪಿನ ಪಂಪುಗಳಲ್ಲಿ ಇದು ಮಾಮೂಲು. ಮನೆಬಳಕೆಯ ಆ ಪುಟ್ಟ ಸೆಲ್ಫ್ ಪ್ರೈಮಿಂಗ್ ಪಂಪಿನೊಳಗೆ ನೀರನ್ನು ತಳ್ಳುವ ಹಿತ್ತಾಳೆಯ ಚಕ್ರ, ಅಂದರೆ ಇಂಪೆಲ್ಲರ್, ಇರುತ್ತದೆ, ಸುತ್ತ ಬೀಡುಕಬ್ಬಿಣದ ಕವಚ. ಎರಡರ ನಡುವಿನ ಸಂದು ಕೂದಲೆಳೆಯಷ್ಟೇ. ಬೇಸಿಗೆ ರಜೆಗೆ ಊರಿಗೆ ಹೋಗಿ ಬರುವಷ್ಟರಲ್ಲಿ ಕವಚದ ತುಕ್ಕು ಉಬ್ಬಿ ಇಂಪೆಲ್ಲರನ್ನು ಕಚ್ಚಿಕೊಂಡಿರುತ್ತದೆ. ಪ್ರೈಮಿಂಗ್ ಬಾಯಿಯಿಂದ ನೀರು ತುಂಬಿಸಿ ಸ್ವಲ್ಪ ಹೊತ್ತು ಬಿಡಿ, ಆಮೇಲೆ ಆ ಕಡೆ ಈ ಕಡೆ ಮೆಲ್ಲಗೆ ಅಲುಗಿಸಿ. ಕೆಲವು ಪಂಪುಗಳಲ್ಲಿ ಶಾಫ್ಟಿನ ಹಿಂತುದಿಯಲ್ಲಿ ಸ್ಕ್ರೂಡ್ರೈವರ್ ಕೂರುವ ಸೀಳನ್ನೇ ಕೊರೆದಿರುತ್ತಾರೆ, ಅದು ಇದಕ್ಕಾಗಿಯೇ. ಪ್ಲಾಸ್ಟಿಕ್ ಫ್ಯಾನಿಗೆ ಪೈಪ್ ರೆಂಚ್ ಹಾಕಿದರೆ ರೆಕ್ಕೆ ಕೈಗೆ ಬರುತ್ತದೆ. ಬಗ್ಗದಿದ್ದರೆ ಮುಂದಿನ ಕವಚದ ಬೋಲ್ಟುಗಳನ್ನು ಬಿಚ್ಚಿ, ತುಕ್ಕನ್ನು ಮರಳು ಕಾಗದದಿಂದ ಉಜ್ಜಿ ಕೂರಿಸುವುದೇ ವಾಸಿ. ಎಣ್ಣೆ ಬಿಡುವವರಿದ್ದಾರೆ, ಕುಡಿಯುವ ನೀರಿನ ಪಂಪಿಗೆ ಅದು ಬೇಡ.

ಸಲೀಸಾಗಿ ತಿರುಗಿದರೆ ದೋಷ ಸ್ಟಾರ್ಟ್ ಮಾಡಿಸುವ ಭಾಗದಲ್ಲಿದೆ ಎಂದು ಹೆಚ್ಚುಕಡಿಮೆ ಹೇಳಬಹುದು. ಹೆಚ್ಚುಕಡಿಮೆ ಎಂದಿದ್ದಕ್ಕೆ ಕಾರಣವಿದೆ. ಬೇರಿಂಗ್ ಸವೆದ ಮೋಟಾರು ಕೈಗೆ ಹಗುರಾಗಿಯೇ ತಿರುಗುತ್ತದೆ, ಕರೆಂಟು ಕೊಟ್ಟ ಕೂಡಲೇ ಕಚ್ಚಿಕೊಳ್ಳುತ್ತದೆ. ರೋಟರಿಗೂ, ಸುರುಳಿಗಳಿರುವ ನಿಂತ ಭಾಗವಾದ ಸ್ಟೇಟರಿಗೂ ನಡುವಿನ ಸಂದು ಈ ಗಾತ್ರದ ಮೋಟಾರುಗಳಲ್ಲಿ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಬೇರಿಂಗ್ ಸಡಿಲವಾಗಿ ರೋಟರ್ ಒಂದು ಪಕ್ಕಕ್ಕೆ ಚೂರು ವಾಲಿದರೂ ಆ ಪಕ್ಕದ ಸೆಳೆತ ಹೆಚ್ಚಾಗುತ್ತದೆ, ಇನ್ನಷ್ಟು ವಾಲುತ್ತದೆ, ಕೊನೆಗೆ ಸ್ಟೇಟರಿಗೆ ಅಂಟಿ ನಿಲ್ಲುತ್ತದೆ. ಆಫ್ ಮಾಡಿದರೆ ಮತ್ತೆ ಹಗುರ. ಕೆಪಾಸಿಟರ್ ಮೇಲೆ ಕೆಪಾಸಿಟರ್ ಬದಲಿಸಿದರೂ ಹೋಗದ ದೋಷಗಳಲ್ಲಿ ಇದು ನನ್ನ ಮೊದಲ ಅನುಮಾನ. ಕಂಡುಹಿಡಿಯಲು ಸಲಕರಣೆ ಬೇಕಿಲ್ಲ. ಶಾಫ್ಟಿನ ತುದಿಯನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಿ. ತಿರುಗುವ ಚಲನೆ ಬಿಟ್ಟು ಬೇರೆ ಯಾವ ಕಡೆಗೆ ‘ಕಟ್ ಕಟ್’ ಎಂದು ಅಲುಗಿದರೂ ಬೇರಿಂಗ್ ಮುಗಿದಿದೆ. ಬಿಚ್ಚಿದಾಗ ರೋಟರಿನ ಮೈಮೇಲೆ ಒಂದು ಪಟ್ಟಿಯಷ್ಟು ಜಾಗ ಉಜ್ಜಿ ಹೊಳೆಯುತ್ತಿದ್ದರೆ ಸಾಕ್ಷಿ ಸಿಕ್ಕಿತು. ಸೀಲಿಂಗ್ ಫ್ಯಾನಿನಲ್ಲಿ ಸಾಮಾನ್ಯವಾಗಿ 6202 ಮತ್ತು 6201 ನಂಬರಿನ ಬೇರಿಂಗ್‌ಗಳಿರುತ್ತವೆ. ಅಂಗಡಿಗೆ ಹೋಗುವ ಮುಂಚೆ ಹಳೆಯದರ ಅಂಚಿನಲ್ಲಿ ಕೊರೆದಿರುವ ನಂಬರ್ ಓದಿಕೊಳ್ಳಿ.

ಸೀಲಿಂಗ್ ಫ್ಯಾನಿಗೆ ಮಾತ್ರ ಇನ್ನೊಂದು ಪರೀಕ್ಷೆ ಉಂಟು. ಕರೆಂಟು ಕೊಟ್ಟು, ಒಣಗಿದ ಕೋಲಿನ ತುದಿಯಿಂದ ರೆಕ್ಕೆಯನ್ನು ಮೆಲ್ಲಗೆ ತಳ್ಳಿ. ತಳ್ಳಿದ ಕಡೆಗೆ ವೇಗ ಹಿಡಿದು ಓಡಿದರೆ, ನಿಲ್ಲಿಸಿ ಉಲ್ಟಾ ತಳ್ಳಿದಾಗ ಉಲ್ಟಾ ಓಡಿದರೆ, ರನ್ನಿಂಗ್ ಸುರುಳಿ (ಮೊದಲನೆಯದು) ಚೆನ್ನಾಗಿದೆ, ಕೆಪಾಸಿಟರ್ ಅಥವಾ ಅದಕ್ಕೆ ಸೇರಿದ ಸ್ಟಾರ್ಟಿಂಗ್ ಸುರುಳಿ (ಅಡ್ಡವಾಗಿಟ್ಟ ಎರಡನೆಯದು) ಸತ್ತಿದೆ. ಪಂಪಿಗಾಗಲಿ, ರೆಕ್ಕೆಗೆ ಕೈ ಸಿಗುವ ಟೇಬಲ್ ಫ್ಯಾನಿಗಾಗಲಿ ಈ ಸಾಹಸ ಬೇಡ.

ಕೆಪಾಸಿಟರ್: ಅನುಮಾನ ಸರಿ, ಅಳೆದು ನೋಡಿ

ಫ್ಯಾನಿನದು ಮೇಲಿನ ಬಟ್ಟಲಿನೊಳಗೆ ಕೂತಿರುತ್ತದೆ. ಅದರ ಅಳತೆ ಮೈಕ್ರೋಫ್ಯಾರಡ್‌ನಲ್ಲಿ, ಬಹುಪಾಲು 2.5, ಕೆಲವಕ್ಕೆ 3.15. ಅರ್ಧ ಎಚ್‌ಪಿ ಪಂಪಿಗೆ 10ರ ಆಸುಪಾಸು, 1 ಎಚ್‌ಪಿಗೆ 20ರ ಆಸುಪಾಸು. ಆದರೆ ಮೋಟಾರಿನ ಪಟ್ಟಿಯ ಮೇಲೆ ಬರೆದಿರುವುದೇ ಪ್ರಮಾಣ. ಲೈನು 230 ವೋಲ್ಟ್ ಆದರೂ ಡಬ್ಬಿಯ ಮೇಲೆ 440 ವೋಲ್ಟ್ ಎಂದು ಏಕೆ ಇರುತ್ತದೆ ಎಂದು ಕೇಳುವವರುಂಟು. ಸುರುಳಿಯ ಜೊತೆ ಸಾಲಾಗಿ ಸೇರಿದ ಕೆಪಾಸಿಟರಿನ ಎರಡು ತುದಿಗಳ ನಡುವೆ ಲೈನಿಗಿಂತ ಹೆಚ್ಚಿನ ವೋಲ್ಟೇಜ್ ಏಳುತ್ತದೆ. ಸುರುಳಿಯದೂ ಕೆಪಾಸಿಟರಿನದೂ ಒಂದಕ್ಕೊಂದು ಎದುರು ನಿಲ್ಲುವುದರಿಂದ ಹೊರಗಿನಿಂದ ಅದು ಕಾಣುವುದಿಲ್ಲ. 250 ವೋಲ್ಟಿನದನ್ನು ಹಾಕಿದರೆ ಬಹಳ ದಿನ ಬಾಳುವುದಿಲ್ಲ.

ಮುಟ್ಟುವ ಮುಂಚೆ ಚಾರ್ಜ್ ತೆಗೆಯಿರಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ‘ಠಪ್’ ಅನ್ನಿಸುವ ರೂಢಿ ಬಿಟ್ಟುಬಿಡಿ, ತುದಿಯ ಬೆಸುಗೆ ಹಾಳಾಗುತ್ತದೆ. ಹೋಲ್ಡರಿಗೆ ಹಾಕಿದ ಹಳೆ ತಂತಿ ಬಲ್ಬಿನ ಎರಡು ವೈರನ್ನು ಅದರ ತುದಿಗಳಿಗೆ ಮುಟ್ಟಿಸಿದರೆ ಸಾಕು. ಆಮೇಲೆ ಒಂದು ತುದಿಯನ್ನಾದರೂ ಬಿಡಿಸಿ, ಕೆಪಾಸಿಟೆನ್ಸ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. ಬರೆದಿರುವುದಕ್ಕೂ ಅಳತೆಗೂ ನೂರಕ್ಕೆ ಐದರಷ್ಟು ಹೆಚ್ಚುಕಮ್ಮಿ ಇರಬಹುದು. 2.5 ಎಂದಿರುವುದು 1.8 ತೋರಿಸಿದರೆ ಅದು ಸೊರಗಿದೆ.

ಸೊರಗುವುದು ಎಂದೆ, ಅದು ಒಮ್ಮೆಗೇ ಸಾಯುವ ವಸ್ತುವಲ್ಲ. ಒಳಗೆ ಪ್ಲಾಸ್ಟಿಕ್ ಹಾಳೆಯ ಮೇಲೆ ಲೋಹದ ತೆಳು ಲೇಪವಿರುತ್ತದೆ. ವೋಲ್ಟೇಜ್ ಏರಿದಾಗ ಹಾಳೆಯಲ್ಲಿ ಎಲ್ಲಾದರೂ ತೂತು ಬಿದ್ದರೆ ಅದರ ಸುತ್ತಲಿನ ಲೋಹ ಆವಿಯಾಗಿ, ಶಾರ್ಟ್ ಆಗುವುದು ತಪ್ಪುತ್ತದೆ. ತನ್ನ ಗಾಯ ತಾನೇ ವಾಸಿ ಮಾಡಿಕೊಂಡಿತು, ಆದರೆ ಅಷ್ಟು ಲೇಪ ಹೋಯಿತು. ವರ್ಷಗಟ್ಟಲೆ ಹೀಗಾಗಿ ಮೈಕ್ರೋಫ್ಯಾರಡ್ ಇಳಿಯುತ್ತದೆ. ಆದ್ದರಿಂದಲೇ ಫ್ಯಾನು ಮೊದಲು ಗಾಳಿ ಕಡಿಮೆ ಮಾಡುತ್ತದೆ, ಆಮೇಲೆ ರೆಗ್ಯುಲೇಟರ್ 5ರಲ್ಲಿ ಮಾತ್ರ ಶುರುವಾಗುತ್ತದೆ, ಕೊನೆಗೆ ತಳ್ಳದೆ ಹೊರಡುವುದಿಲ್ಲ. ಈ ಮೂರು ಹಂತವನ್ನೂ ಮನೆಯವರು ಹೇಳಿದರೆ ಮೀಟರ್ ತೆಗೆಯುವ ಮೊದಲೇ ಕಾಯಿಲೆ ಗೊತ್ತಾದಂತೆ. ನಿನ್ನೆಯವರೆಗೆ ಭರ್ಜರಿಯಾಗಿ ತಿರುಗಿ ಇವತ್ತು ನಿಂತ ಫ್ಯಾನಾದರೆ ನಾನು ವೈರಿನ ಜಾಯಿಂಟುಗಳನ್ನು ಮೊದಲು ನೋಡುತ್ತೇನೆ.

“ಜಾಸ್ತಿ ಗಾಳಿ ಬರಲಿ” ಎಂದು 2.5ರ ಜಾಗಕ್ಕೆ 4 ಹಾಕುವುದು ಬೇಡ. ಸ್ಟಾರ್ಟಿಂಗ್ ಸುರುಳಿಯಲ್ಲಿ ಅದು ತಾಳುವುದಕ್ಕಿಂತ ಹೆಚ್ಚು ಕರೆಂಟು ಹರಿದು, ಫ್ಯಾನಿನ ಮೈ ಮುಟ್ಟಲಾರದಷ್ಟು ಬಿಸಿಯಾಗುತ್ತದೆ.

ಮೂರು ವೈರು, ಮೂರು ಅಳತೆ

ಕೆಪಾಸಿಟರ್ ಸರಿಯಿದೆ, ಕೈಗೆ ಸಲೀಸಾಗಿ ತಿರುಗುತ್ತದೆ, ಅಲುಗಾಟವಿಲ್ಲ, ಆದರೂ ಗುಂಯ್. ಈಗ ಸುರುಳಿಗಳ ಸರದಿ. ಮೋಟಾರಿನಿಂದ ಮೂರು ವೈರು ಬರುತ್ತವೆ: ಕಾಮನ್ (ಎರಡೂ ಸುರುಳಿಗೆ ಸೇರಿದ್ದು), ರನ್ನಿಂಗ್, ಸ್ಟಾರ್ಟಿಂಗ್. ಬಣ್ಣ ನಂಬಬೇಡಿ, ರಿವೈಂಡ್ ಆದ ಮೋಟಾರಿನಲ್ಲಂತೂ ಕೈಗೆ ಸಿಕ್ಕ ಬಣ್ಣ ಹಾಕಿರುತ್ತಾರೆ. ಎರಡೆರಡರ ಜೋಡಿ ಮಾಡಿ ಓಮ್ (ವಿದ್ಯುತ್ ತಡೆ) ಅಳೆಯಿರಿ. ಒಂದು ಫ್ಯಾನಿನಲ್ಲಿ 160, 190, 350 ಬಂತು ಎನ್ನೋಣ. ದೊಡ್ಡದು ಉಳಿದೆರಡರ ಮೊತ್ತ. ಆ ದೊಡ್ಡ ಜೋಡಿಯಲ್ಲಿ ಇಲ್ಲದ ಮೂರನೆಯ ವೈರೇ ಕಾಮನ್. ಕೆಪಾಸಿಟರ್ ಕೂರುವುದು ಆ ದೊಡ್ಡ ಜೋಡಿಯ ನಡುವೆ. ಪಂಪಿನಲ್ಲಿ ಇವೇ ಅಳತೆಗಳು ಕೆಲವೇ ಓಮ್ ಇರುತ್ತವೆ. ಮೀಟರಿನ ವೈರಿನದೇ ಅರ್ಧ ಓಮ್ ಬರಬಹುದು, ಎರಡು ಕಡ್ಡಿಯನ್ನು ಸೇರಿಸಿ ನೋಡಿ ಅಷ್ಟನ್ನು ಕಳೆಯಿರಿ.

ಒಂದು ಜೋಡಿ ಮಾತ್ರ ಅಳತೆ ಕೊಟ್ಟು, ಉಳಿದೆರಡು ತೋರಿಸದಿದ್ದರೆ ಎರಡರಲ್ಲಿ ಒಂದು ಸುರುಳಿ ತುಂಡು. ಕೂಡಲೇ ರಿವೈಂಡಿಂಗಿಗೆ ಓಡಬೇಡಿ. ತುಂಡಾಗುವುದು ಬಹಳ ಸಲ ಸುರುಳಿಯ ನಡುವೆ ಅಲ್ಲ, ಸುರುಳಿಯ ಸಣ್ಣ ತಂತಿಗೆ ಹೊರಗಿನ ವೈರನ್ನು ಬೆಸೆದ ಜಾಗದಲ್ಲಿ. ಅಲ್ಲಿ ಸ್ಲೀವಿನ ಕೆಳಗೆ ಹಸಿರು ಕಿಲುಬು ಕಟ್ಟಿರುತ್ತದೆ. ವಾರ್ನಿಷ್ ಕೆರೆದು ಮತ್ತೆ ಬೆಸೆದು ಸ್ಲೀವ್ ಹಾಕಿದರೆ ಮುಗಿಯಿತು. ಸುರುಳಿಯೇ ಕಪ್ಪಾಗಿ, ವಾಸನೆ ಹೊಡೆಯುತ್ತಿದ್ದರೆ ಮಾತ್ರ ಅಂಗಡಿ.

ರಿವೈಂಡ್ ಆಗಿ ಬಂದ ಫ್ಯಾನು ಜೋರಾಗಿ ತಿರುಗಿಯೂ ಗಾಳಿ ಬರದಿದ್ದರೆ ಅದು ಉಲ್ಟಾ ಓಡುತ್ತಿದೆ. ಲೈನನ್ನು ಕೆಪಾಸಿಟರಿನ ಈ ತುದಿಯಿಂದ ಆ ತುದಿಗೆ ಬದಲಿಸಿದರೆ ಸರಿಹೋಗುತ್ತದೆ. ಪಂಪಿನಲ್ಲಿ ಎರಡು ಸುರುಳಿ ಒಂದೇ ತರಹದವಲ್ಲ, ಅಲ್ಲಿ ಹಾಗೆ ಮಾಡಬಾರದು. ಸ್ಟಾರ್ಟಿಂಗ್ ಸುರುಳಿಯ ಎರಡು ತುದಿಗಳನ್ನು ಅದಲುಬದಲು ಮಾಡಬೇಕು.

ಮೋಟಾರಿನ ಮೈಗೆ ಕರೆಂಟು ಬರುತ್ತಿದೆಯೇ ಎಂಬುದನ್ನೂ ಇದೇ ಹೊತ್ತಿಗೆ ನೋಡಿಬಿಡಿ. ನಿಯಾನ್ ಟೆಸ್ಟರ್ ಸುಮ್ಮಸುಮ್ಮನೆ ಮಿಣುಕುವುದುಂಟು. ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಇದ್ದವರು 500 ವೋಲ್ಟಿನಲ್ಲಿ ಸುರುಳಿಗೂ ಮೈಗೂ ನಡುವೆ ಅಳೆಯಲಿ. 1 ಮೆಗಾಓಮಿಗಿಂತ ಕೆಳಗಿದ್ದರೆ ಒಣಗಿಸದೆ ಕರೆಂಟು ಕೊಡಬಾರದು.

ಎಲ್ಲ ಸರಿಯಿದ್ದೂ ಹತ್ತದಿದ್ದರೆ ವೋಲ್ಟೇಜ್

ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರ ಜಾಗದಲ್ಲಿ 180 ಬಂದರೆ ಬಲ ನೂರಕ್ಕೆ ಅರವತ್ತೊಂದಕ್ಕೆ ಬಂತು. ಸಂಜೆ ಹೊತ್ತು ಮಾತ್ರ ಗುಂಯ್‌ಗುಟ್ಟಿ ಬೆಳಗಿನ ಜಾವ ಚೆನ್ನಾಗಿ ಓಡುವ ಪಂಪಿಗೆ ಯಾವ ಬಿಡಿಭಾಗವನ್ನೂ ಬದಲಿಸಬೇಕಿಲ್ಲ. ಅಳೆಯುವಾಗ ಒಂದು ಎಚ್ಚರಿಕೆ ಇರಲಿ. ಮೋಟಾರ್ ಆಫ್ ಇದ್ದಾಗ ಅಳೆದರೆ ಸಡಿಲ ನ್ಯೂಟ್ರಲ್ ಜಾಯಿಂಟೂ ಪೂರಾ 230 ತೋರಿಸುತ್ತದೆ. ಮೋಟಾರಿನ ಟರ್ಮಿನಲ್ಲಿನಲ್ಲೇ ಕಡ್ಡಿಗಳನ್ನು ಮೊದಲೇ ಕಚ್ಚಿಸಿಟ್ಟು, ಎರಡು ಮೂರು ಸೆಕೆಂಡು ಮಾತ್ರ ಕರೆಂಟು ಕೊಟ್ಟು, ಗುಂಯ್‌ಗುಡುವಾಗಲೇ ಓದಿ ಆಫ್ ಮಾಡಿ. ಧಸಕ್ಕನೆ 120ಕ್ಕೆ ಬಿದ್ದರೆ ದೋಷ ಮೋಟಾರಿನಲ್ಲಿಲ್ಲ, ಬರುವ ದಾರಿಯಲ್ಲಿದೆ.

ಹಿಟ್ಟಿನ ಗಿರಣಿ, ಕಂಪ್ರೆಸರ್ ಮುಂತಾದ ಕೆಪಾಸಿಟರ್-ಸ್ಟಾರ್ಟ್ ಮೋಟಾರುಗಳಲ್ಲಿ ಇನ್ನೊಬ್ಬ ಕಳ್ಳನಿದ್ದಾನೆ: ಸೆಂಟ್ರಿಫ್ಯೂಗಲ್ ಸ್ವಿಚ್. ವೇಗ ಮುಕ್ಕಾಲು ಪಾಲು ತಲುಪಿದಾಗ ಅದು ಸ್ಟಾರ್ಟಿಂಗ್ ಸುರುಳಿಯನ್ನು ಬಿಡಿಸುತ್ತದೆ, ಆಫ್ ಮಾಡಿ ನಿಲ್ಲುವ ಹೊತ್ತಿಗೆ ‘ಟಕ್’ ಎಂದು ಮತ್ತೆ ಸೇರುತ್ತದೆ. ಆ ಟಕ್ ಕೇಳದೆ ಹೋದರೆ, ಅಥವಾ ಪಾಯಿಂಟುಗಳ (ಕೂಡುವ ಲೋಹದ ತುದಿಗಳ) ಮೇಲೆ ಕರಿ ಕಟ್ಟಿದ್ದರೆ, ಮುಂದಿನ ಸಲ ಗುಂಯ್ ಖಚಿತ. ಪಾಯಿಂಟುಗಳು ಬೆಸೆದುಕೊಂಡು ಬಿಡದೇ ಇದ್ದರೆ ಮೋಟಾರು ಹೊರಡುತ್ತದೆ, ಆದರೆ ಕೆಪಾಸಿಟರ್ ಪದೇ ಪದೇ ಸಿಡಿಯುತ್ತದೆ.

ಮಿಕ್ಸಿಯ ಕತೆಯೇ ಬೇರೆ, ಅದರಲ್ಲಿ ಸ್ಟಾರ್ಟ್ ಮಾಡಿಸುವ ಕೆಪಾಸಿಟರ್ ಇಲ್ಲ. ಕಾರ್ಬನ್ ಬ್ರಷ್ ಮೂಲಕ ಒಳಗೆ ತಿರುಗುವ ಆರ್ಮೇಚರಿಗೇ ಕರೆಂಟು ಹೋಗುತ್ತದೆ. ಗುಂಯ್ ಎಂದು ನಿಂತರೆ ಜಾರ್ ಎತ್ತಿಟ್ಟು ಬರೀ ಮೋಟಾರ್ ಓಡಿಸಿ. ಓಡಿದರೆ ಜಾರಿನ ಬುಷ್ ಬಿಗಿದಿದೆ. ಸದ್ದೇ ಇಲ್ಲದಿದ್ದರೆ ತಳದ ಕೆಂಪು ಗುಂಡಿ ಒತ್ತಿ, ಆಮೇಲೆ ಬ್ರಷ್ ನೋಡಿ. ಎಲೆಕ್ಟ್ರಾನಿಕ್ ಬೋರ್ಡ್ ನಡೆಸುವ, ರಿಮೋಟ್ ಇರುವ ಬಿಎಲ್‌ಡಿಸಿ ಫ್ಯಾನಿಗೂ ಮೇಲಿನ ಕೆಪಾಸಿಟರಿನ ಮಾತು ಹೊಂದುವುದಿಲ್ಲ. ಅದು ನಡುಗಿ ನಿಂತರೆ ಸಾಮಾನ್ಯವಾಗಿ ಒಳಗಿನ ಬೋರ್ಡಿನದೇ ತಪ್ಪು.

ತೋಟದ ಮೋಟಾರು, ಸ್ಟಾರ್ಟರಿನ ಗಲಾಟೆ

ತ್ರೀಫೇಸ್ ಮೋಟಾರಿಗೆ ಕೆಪಾಸಿಟರ್ ಬೇಕಿಲ್ಲ, ಮೂರು ಫೇಸುಗಳ ನಡುವೆ ಹೊತ್ತಿನ ಅಂತರ ತಾನಾಗಿಯೇ ಇದೆ. “ಎರಡೇ ಫೇಸ್ ಬಂದೈತೆ ಕಣಣ್ಣ, ಹಾಕ್ಬ್ಯಾಡ” ಎಂದು ಹಳ್ಳಿಯಲ್ಲಿ ಕೂಗಿ ಹೇಳುವುದು ಇದಕ್ಕೇ. ಒಂದು ಫೇಸ್ ಕಳಚಿದ ಕೂಡಲೇ ಸುತ್ತುವ ಕ್ಷೇತ್ರ ಹೋಗಿ, ಹಿಂದೆ ಮುಂದೆ ಎಳೆಯುವುದಷ್ಟೇ ಉಳಿಯುತ್ತದೆ. ಹೊಸದಾಗಿ ಹಾಕಿದರೆ ಗುಂಯ್ ಎಂದು ನಿಲ್ಲುತ್ತದೆ. ಓಡುತ್ತಿರುವಾಗ ಕಳಚಿದರೆ ಓಡುತ್ತಲೇ ಇರುತ್ತದೆ, ಉಳಿದೆರಡು ಫೇಸಿನಲ್ಲಿ ಕರೆಂಟು ಏರಿ ಸುಡುತ್ತದೆ. ಆಗ ವೋಲ್ಟ್‌ಮೀಟರ್ ಮೋಸ ಮಾಡುತ್ತದೆ: ತಿರುಗುವ ರೋಟರು ಕಳಚಿದ ಸುರುಳಿಯಲ್ಲಿ ತಾನೇ ವೋಲ್ಟೇಜ್ ಹುಟ್ಟಿಸುವುದರಿಂದ ಮೂರೂ ಫೇಸ್ ಇರುವಂತೆಯೇ ಕಾಣುತ್ತದೆ. ವೈರನ್ನು ಸುತ್ತುವರಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ಮೂರು ವೈರಿನ ಕರೆಂಟನ್ನು ಒಂದೊಂದಾಗಿ ನೋಡಿದರೆ ಮಾತ್ರ ಬಣ್ಣ ಬಯಲು. ವೋಲ್ಟೇಜನ್ನೇ ನೋಡಬೇಕೆಂದರೆ ಮೋಟಾರ್ ನಿಲ್ಲಿಸಿ, ಸ್ಟಾರ್ಟರಿಗೆ ಬರುವ ಕಡೆಯಲ್ಲಿ ಫೇಸ್ ಫೇಸಿನ ನಡುವೆ ಅಳೆಯಿರಿ. ಮೂರು ಜೋಡಿಯಲ್ಲೂ 415ರ ಹತ್ತಿರ ಬರಬೇಕು. ಬಂದರೆ ಕಿಟ್‌ಕ್ಯಾಟ್ ಫ್ಯೂಸು, ಕಾಂಟ್ಯಾಕ್ಟರಿನ ಪಾಯಿಂಟು, ಕೇಬಲ್ ಜಾಯಿಂಟು ಹೀಗೆ ಮೋಟಾರಿನ ಕಡೆಗೆ ಹುಡುಕುತ್ತಾ ಹೋಗಿ.

ಕೆಲವೊಮ್ಮೆ ಗುಂಯ್ ಎನ್ನುವುದು ಮೋಟಾರಲ್ಲ, ಸ್ಟಾರ್ಟರ್ ಪೆಟ್ಟಿಗೆಯೇ. ಒಳಗಿನ ಕಾಂಟ್ಯಾಕ್ಟರ್ ಒಂದು ವಿದ್ಯುತ್ಕಾಂತ. ಕಾಯಿಲಿಗೆ ಕರೆಂಟು ಬಂದಾಗ ಕಬ್ಬಿಣದ ತುಂಡನ್ನು ಸೆಳೆದು ಪಾಯಿಂಟುಗಳನ್ನು ಸೇರಿಸುತ್ತದೆ. ಸೆಕೆಂಡಿಗೆ 100 ಸಲ ಸೆಳೆತ ಸೊನ್ನೆಯಾಗುವ ಹೊತ್ತಿಗೆ ತುಂಡು ಬಿಟ್ಟುಕೊಳ್ಳಬಾರದಲ್ಲ, ಅದಕ್ಕೆಂದು ಕಬ್ಬಿಣದ ಮುಖದಲ್ಲಿ ಸೀಳು ಕೊರೆದು ತಾಮ್ರದ ಸಣ್ಣ ಬಳೆ ಕೂರಿಸಿರುತ್ತಾರೆ. ಆ ಬಳೆಯಲ್ಲಿ ಪ್ರೇರಿತವಾಗುವ ಕರೆಂಟು ಅಷ್ಟು ಭಾಗದ ಕಾಂತಕ್ಷೇತ್ರವನ್ನು ತಡವಾಗಿಸುತ್ತದೆ, ಹಿಡಿತ ಪೂರ್ತಿ ಬಿಟ್ಟುಹೋಗುವುದಿಲ್ಲ. ಬಳೆ ಬಿರುಕು ಬಿಟ್ಟರೆ ಪೆಟ್ಟಿಗೆ ಟರ್ರೆಂದು ಅದುರುತ್ತದೆ, ಪಾಯಿಂಟುಗಳು ಕಿಡಿ ಹಾರಿಸಿ ಸುಟ್ಟುಕೊಳ್ಳುತ್ತವೆ. ಮೇನ್ ಇಳಿಸಿ ಬಿಚ್ಚಿ, ಬಳೆಯ ಸುತ್ತ ಉಗುರಾಡಿಸಿದರೆ ಬಿರುಕು ತಗಲುತ್ತದೆ. ಬಳೆ ಗಟ್ಟಿಯಾಗಿದ್ದರೆ ಎರಡು ಮುಖಗಳ ನಡುವೆ ಧೂಳು, ತುಕ್ಕು, ಸತ್ತ ಇರುವೆ ಸಿಕ್ಕಿರುತ್ತದೆ. ಒಣ ಬಟ್ಟೆಯಿಂದ ಒರೆಸಿ. ಅರ ಹಾಕಿ ಉಜ್ಜಬೇಡಿ, ಮುಖ ಏರುಪೇರಾದರೆ ಸದ್ದು ಇನ್ನೂ ಜೋರಾಗುತ್ತದೆ. ಅದೂ ಚೊಕ್ಕವಿದ್ದರೆ ಕಾಯಿಲಿನ ಮೇಲೆ ಬರೆದಿರುವ ವೋಲ್ಟೇಜ್ ಎಷ್ಟು, ಬರುತ್ತಿರುವುದು ಎಷ್ಟು ಎಂದು ನೋಡಿ. 415ರ ಕಾಯಿಲಿಗೆ ಫೇಸ್-ನ್ಯೂಟ್ರಲ್ ಕೊಟ್ಟು ಹೋಗಿರುವ ಮಹಾನುಭಾವರೂ ಇರುತ್ತಾರೆ.